ಗುರುಶಾಂತಪ್ಪ ವಕೀಲರ ಫೋಟೊ ಹುಡುಕಿಕೊಂಡು

ರಾಣೆಬೆನ್ನೂರು ನಿಲ್ದಾಣದಲ್ಲಿ ಇಳಿದಾಗ ಬೆಳಗಿನ ಏಳು ಗಂಟೆ. ಮೈಸೂರಿನಿಂದ ಹೊರಟ ರೈಲು ನಲವತ್ತು ನಿಮಿಷ ತಡವಾಗಿತ್ತು. ನನಗೆ ಅದರಿಂದ ಬೇಸರವಾಗಲಿಲ್ಲ. ಸರಿಯಾದ ಹೊತ್ತಿಗೆ ಬಂದಿದ್ದರೆ ತುಂಗಭದ್ರೆಯ ಸೇತುವೆಯನ್ನು ಕತ್ತಲಲ್ಲೇ ದಾಟಿಬಿಡುತ್ತಿದ್ದೆ. ಈಗ ಬೆಳಕು ಹರಿಯುವಾಗ ದಾಟಿದೆ. ಫೆಬ್ರವರಿ ತಿಂಗಳು, ಹೊಳೆಯಲ್ಲಿ ನೀರು ಕಡಿಮೆ. ಬಂಡೆಗಳ ನಡುವೆ ಅಲ್ಲಲ್ಲಿ ಮಡುಗಟ್ಟಿ ನಿಂತಿತ್ತು. ಆಚೆ ಕುಮಾರಪಟ್ಟಣದ ಕಾರ್ಖಾನೆಯ ಹೊಗೆ ಗಾಳಿಯಿಲ್ಲದೆ ನೆಟ್ಟಗೆ ಮೇಲೇಳುತ್ತಿತ್ತು. ಅಪ್ಪ ಶಾಸಕರಾಗಿದ್ದ ಕಾಲದಲ್ಲಿ ಬೆಂಗಳೂರಿನಿಂದ ನಾವು ಮರಳುವಾಗ ಈ ಸೇತುವೆ ಬಂದ ಕೂಡಲೇ ಅವರು ಕೋಟಿನ ಗುಂಡಿ ಬಿಚ್ಚಿ ಕಾಲು ಚಾಚುತ್ತಿದ್ದರು. "ನಮ್ಮ ಕಡೆ ಬಂತು. ಇನ್ನ ಬಾಯಿ ತುಂಬ ಮಾತಾಡಾಕ ಅಡ್ಡಿ ಇಲ್ಲ" ಎನ್ನುತ್ತಿದ್ದರು. ಆಗ ಇದು ಧಾರವಾಡ ಜಿಲ್ಲೆ. ಈಗ ಹಾವೇರಿಯೇ ಜಿಲ್ಲಾ ಕೇಂದ್ರ.

ಹಾವೇರಿಯ ಕೆಲವು ಹಿರಿಯ ವಕೀಲರು ಸೇರಿ ಕೋರ್ಟಿನ ಗ್ರಂಥಾಲಯದಲ್ಲಿ ನನ್ನ ಅಪ್ಪ ಗುರುಶಾಂತಪ್ಪನವರ ಭಾವಚಿತ್ರ ಹಾಕಬೇಕೆಂದು ನಿರ್ಧರಿಸಿದ್ದರು. ಕಾರ್ಯಕ್ರಮ ಮುಂದಿನ ತಿಂಗಳು. ಚಿತ್ರ ಬರೆಯುವ ಕೆಲಸವನ್ನು ರಾಣೆಬೆನ್ನೂರಿನ ಮೌನೇಶ ಎಂಬುವರಿಗೆ ಒಪ್ಪಿಸಿದ್ದರು. ಆ ಮೌನೇಶರೇ ವಾರದ ಹಿಂದೆ ಫೋನ್ ಮಾಡಿ ನನ್ನನ್ನು ಕರೆಸಿಕೊಂಡದ್ದು.

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರ ಅಂಗಡಿ. ಹೊರಗೆಲ್ಲ ಬೀಜದ ಕಂಪನಿಗಳ ಫಲಕಗಳು, ಒಳಗೆ ಎಣ್ಣೆಬಣ್ಣದ ವಾಸನೆ. ಐವತ್ತು ದಾಟಿದ, ಸಣ್ಣ ದನಿಯ ಮನುಷ್ಯ. ನನಗೆ ಚಹಾ ತರಿಸಿ, ಬಟ್ಟೆ ಮುಚ್ಚಿದ್ದ ಚೌಕಟ್ಟನ್ನು ತೆರೆದು ತೋರಿಸಿದರು. ಕರಿ ಕೋಟು, ಬಿಳಿ ಟೊಪ್ಪಿಗೆ, ಉದ್ದ ಮೂಗು. ಎಲ್ಲವೂ ಅಪ್ಪನದೇ. ಕಣ್ಣಿದ್ದ ಜಾಗ ಮಾತ್ರ ಖಾಲಿ ಬಿಟ್ಟಿದ್ದರು.

"ವಕೀಲರು ಕೊಟ್ಟಿದ್ದು ಹಳೇ ಪೇಪರಿನ ಫೋಟೊರಿ. ಕಣ್ಣಿದ್ದಲ್ಲಿ ಎರಡ ಕರೀ ಚುಕ್ಕಿ ಅದಾವು. ಮನಸಿಗೆ ಬಂದಂಗ ಬರದ್ರ ಅದು ನಿಮ್ಮ ಅಪ್ಪಾರ ಆಗೂದಿಲ್ರಿ. ನಿಮ್ಮ ಹಂತ್ಯಾಕ ಬ್ಯಾರೆ ಫೋಟೊ ಇಲ್ಲೇನ್ರಿ?"

ನನ್ನ ಬಳಿ ಇರಲಿಲ್ಲ. ಅಪ್ಪ ಕ್ಯಾಮೆರಾ ಮುಂದೆ ನಿಲ್ಲುವವರೇ ಅಲ್ಲ. ಒಂದೇ ಒಂದು ಒಳ್ಳೆಯ ಫೋಟೊ ಇತ್ತು. ಚುನಾವಣೆ ಗೆದ್ದ ವಾರ ದೊಡ್ಡಪ್ಪ ಬಲವಂತದಿಂದ ಹಾವೇರಿಯ ಸ್ಟುಡಿಯೋಕ್ಕೆ ಕರೆದೊಯ್ದು ತೆಗೆಸಿದ್ದು. ಅಣ್ಣತಮ್ಮ ಇಬ್ಬರೂ ಪಕ್ಕಪಕ್ಕದ ಕುರ್ಚಿಯಲ್ಲಿ ಕೂತಿದ್ದಾರೆ. ಅದು ದೊಡ್ಡಪ್ಪನ ಮನೆಯಲ್ಲಿತ್ತು. ಈಗ ಇದ್ದರೆ ಬ್ಯಾಡಗಿಯಲ್ಲಿ, ಅವರ ಮಗಳು ಗಿರಿಜಾಳ ಹತ್ತಿರ ಇರಬೇಕು.

"ಬ್ಯಾಡಗಿ ಏನ್ ದೂರರಿ, ತಾಸಿನ ಹಾದಿ" ಎಂದರು ಮೌನೇಶ.

ಗಿರಿಜಾಳನ್ನು ನಾನು ನೋಡಿ ನಲವತ್ತೆಂಟು ವರ್ಷಗಳಾಗಿದ್ದವು ಎಂದು ಅವರಿಗೆ ಹೇಳಲಿಲ್ಲ. ನೋಡುತ್ತೇನೆ ಎಂದಷ್ಟೇ ಹೇಳಿ ಎದ್ದೆ.

ನಿಲ್ದಾಣದ ಎದುರಿನ ಖಾನಾವಳಿಯಲ್ಲಿ ಇಡ್ಲಿ ತಿಂದು ಹಾವೇರಿ ಬಸ್ಸು ಹತ್ತಿದೆ. ಆಧಾರ್ ಕಾರ್ಡ್ ತೋರಿಸಿದ್ದಕ್ಕೆ ನಿರ್ವಾಹಕ ಹೆಂಗಸರಿಗೆ ಕೊಡುವ, ಶೂನ್ಯ ಎಂದು ಮುದ್ರಿಸಿದ ಟಿಕೆಟ್ ಕೊಟ್ಟ. ಬಸ್ಸಿನ ತುಂಬ ಹೆಂಗಸರೇ. ಪಕ್ಕದಲ್ಲಿದ್ದಾಕೆ ಮೊಮ್ಮಗುವಿನ ತೊಟ್ಟಿಲ ಶಾಸ್ತ್ರಕ್ಕೆಂದು ಹಾವೇರಿಗೆ ಹೊರಟಿದ್ದಳು. "ನೀವು ಯಾರ ಮನಿಗೆ ಹೊಂಟೀರಿ?" ಎಂದಳು. ಕೋರ್ಟಿನ ಕೆಲಸವಿದೆ ಎಂದೆ. ಹಾವೇರಿಯಲ್ಲಿ ನಮ್ಮದು ಎನ್ನುವ ಮನೆ ಇಲ್ಲದೆ ಬಹಳ ವರ್ಷಗಳಾದವು. ಅಪ್ಪ ಕೊನೆತನಕ ಬಾಡಿಗೆ ಮನೆಯಲ್ಲೇ ಇದ್ದರು.

ಹಾವೇರಿಯಲ್ಲಿ ಒಂದು ಲಾಡ್ಜಿನಲ್ಲಿ ಕೋಣೆ ಹಿಡಿದು ಕೋರ್ಟಿಗೆ ಹೋದೆ. ಕಾರ್ಯಕ್ರಮದ ಹೊಣೆ ಹೊತ್ತಿದ್ದವರು ನಲವತ್ತರ ಆಸುಪಾಸಿನ ವಕೀಲೆ. ಚಿತ್ರಕ್ಕೆ ಹಾಕಲು ಏಲಕ್ಕಿ ಮಾಲೆ ಹೇಳಿದ್ದೇವೆ ಎಂದು ಉತ್ಸಾಹದಿಂದ ತಿಳಿಸಿದರು. ಅವರ ಹಿರಿಯರಿಂದ ಕೇಳಿದ ಅಪ್ಪನ ಕಥೆಗಳನ್ನು ನನಗೇ ಹೇಳಿದರು. ಅದರಲ್ಲಿ ಬ್ಯಾಡಗಿ ಮಾರುಕಟ್ಟೆಯ ಹಮಾಲನ ಕೇಸು ಎಲ್ಲರಿಗೂ ಗೊತ್ತಿರುವಂಥದು. ಮೆಣಸಿನಕಾಯಿಯ ಚೀಲ ಹೊತ್ತು ಓಡಿಹೋದ ಎಂದು ಅವನ ಮೇಲೆ ಆರೋಪ. ಅಪ್ಪ ಹೆಚ್ಚು ವಾದಿಸದೆ ಒಂದು ಚೀಲವನ್ನು ಕೋರ್ಟಿಗೆ ತರಿಸಿ, ಎತ್ತು ಎಂದರು. ಅವನಿಗೆ ಎತ್ತಲಾಗಲಿಲ್ಲ. ಕಳುವಿನ ಹಿಂದಿನ ವಾರವೇ ಅವನ ಭುಜದ ಎಲುಬು ಮುರಿದಿತ್ತು. ಬಡವನಾದ್ದರಿಂದ ಆಸ್ಪತ್ರೆಗೆ ಹೋಗದೆ ಅರಿವೆ ಸುತ್ತಿಕೊಂಡು ಸುಮ್ಮನಿದ್ದ.

"ನಾವು ಅವರ್ನ ನೋಡಿಲ್ರಿ. ಆದ್ರ ಜೂನಿಯರ್ ಆಗಿ ಸೇರಿದ ದಿನಾನ ಈ ಕಥಿ ಹೇಳ್ತಾರ" ಎಂದು ವಕೀಲೆ ನಕ್ಕರು. ಗಿರಿಜಾಳ ಫೋನ್ ನಂಬರು ಅವರಿಂದಲೇ ಸಿಕ್ಕಿತು. ಮಾರುಕಟ್ಟೆಯ ಯಾವುದೋ ತಕರಾರಿನಲ್ಲಿ ಪರಿಚಯವಾಗಿತ್ತಂತೆ.

ಸಂಜೆ ನಾವಿದ್ದ ಓಣಿಗೆ ಹೋದೆ. ಮನೆಯಿದ್ದಲ್ಲಿ ಮೊಬೈಲ್ ಅಂಗಡಿ, ಅದರ ಮೇಲೆ ಟ್ಯೂಷನ್ ಕ್ಲಾಸು. ಎದುರಿನ ಬೇವಿನ ಮರ ಮಾತ್ರ ಉಳಿದಿತ್ತು. ಅದರ ಕೆಳಗೆ ಸ್ವಲ್ಪ ಹೊತ್ತು ನಿಂತೆ.

ಅಪ್ಪ ಹುಟ್ಟಿದ್ದು ಮೋಟೆಬೆನ್ನೂರಿನಲ್ಲಿ. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಭೂಗತರಾಗಿದ್ದವರಿಗೆ ಬುತ್ತಿ ಮುಟ್ಟಿಸಿ ಬರುತ್ತಿದ್ದ ಹುಡುಗರಲ್ಲಿ ಅವರೂ ಒಬ್ಬರು. ಅಣ್ಣ ಬಸವಣ್ಣೆಪ್ಪ ಶಾಲೆ ಬಿಟ್ಟು ಹೊಲ ನೋಡಿಕೊಂಡು ತಮ್ಮನನ್ನು ಕಾನೂನು ಓದಿಸಿದರು. ಅಪ್ಪ ಹಾವೇರಿಯಲ್ಲಿ ವಕೀಲಿ ಹಿಡಿದರು, ಒಂದು ಸಲ ವಿಧಾನಸಭೆಗೆ ಆರಿಸಿ ಹೋದರು. ನಾನು ಅವರ ಒಬ್ಬಳೇ ಮಗಳು. ಗಿರಿಜಾ ನನಗಿಂತ ಮೂರು ತಿಂಗಳಿಗೆ ದೊಡ್ಡವಳು. ಹೈಸ್ಕೂಲಿಗೆಂದು ಹಳ್ಳಿಯಿಂದ ನಮ್ಮ ಮನೆಗೆ ಬಂದವಳು ನನ್ನ ಕೋಣೆಯಲ್ಲೇ ಇದ್ದಳು. ಒಂದೇ ಹಾಸಿಗೆ, ಒಂದೇ ಬಾಚಣಿಗೆ. ಸಂಜೆ ಅಪ್ಪ ಕೇಸಿನ ಕಾಗದಗಳನ್ನು ನಮ್ಮಿಂದ ಓದಿಸಿ ಕೇಳುತ್ತಿದ್ದರು. ನಾನು ತಪ್ಪಿಲ್ಲದೆ ಓದುತ್ತಿದ್ದೆ. ಗಿರಿಜಾ ನಡುವೆ ನಿಲ್ಲಿಸಿ, "ಚಿಕ್ಕಪ್ಪ, ಈತ ಆ ಊರಾಗ ಇರಲಿಲ್ಲ ಅಂತಾನ, ಮತ್ತ ಬಾವಿ ನೀರ ಉಪ್ಪ ಅಂತ ಹೆಂಗ ಗೊತ್ತಾತು?" ಎಂದು ಕೇಳುತ್ತಿದ್ದಳು. ಅಪ್ಪನ ಮುಖ ಅರಳುತ್ತಿತ್ತು. "ನೀ ವಕೀಲಕಿ ಆಗ. ನನ್ನ ಖುರ್ಚಿ ನಿನಗ ಬಿಟ್ಟಕೊಡ್ತೇನಿ" ಎನ್ನುತ್ತಿದ್ದರು. ಆ ಮಾತು ಬಂದಾಗೆಲ್ಲ ನನಗೆ ಒಳಗೆ ಚುಚ್ಚುತ್ತಿತ್ತು. ಯಾರಿಗೂ ಹೇಳುವಂಥದಾಗಿರಲಿಲ್ಲ.

ಆಮೇಲೆ ಉಳುವವನಿಗೆ ಭೂಮಿ ಕೊಡುವ ಕಾಯ್ದೆ ಬಂತು. ವಿಧಾನಸಭೆಯಲ್ಲಿ ಅದರ ಪರವಾಗಿ ಮಾತಾಡಿದವರಲ್ಲಿ ಅಪ್ಪನೂ ಒಬ್ಬರು. ಮೋಟೆಬೆನ್ನೂರಿನ ನಮ್ಮ ಮನೆತನದ ಹನ್ನೊಂದು ಎಕರೆಯನ್ನು ಹುಸೇನಸಾಬ ಎನ್ನುವವರ ಮನೆಯವರು ಮೂರು ತಲೆಮಾರಿನಿಂದ ಉಳುತ್ತಿದ್ದರು. ಹುಸೇನಸಾಬರು ಅರ್ಜಿ ಹಾಕಿದರು. ದೊಡ್ಡಪ್ಪ ಹೊಲವನ್ನು ತಾವೇ ಆಳುಗಳಿಂದ ಮಾಡಿಸುತ್ತಿದ್ದೇವೆ ಎಂದು ಹೇಳಿಕೆ ಕೊಟ್ಟರು. ಭೂನ್ಯಾಯಮಂಡಳಿಯ ಮುಂದೆ ವಕೀಲರು ವಾದಿಸುವಂತಿರಲಿಲ್ಲ. ಅಪ್ಪ ಸಾಕ್ಷಿಯಾಗಿ ಹೋದರು. "ಭೂಮಿ ನಮ್ಮದು. ಉಳುತ್ತ ಬಂದವರು ಹುಸೇನಸಾಬನ ಮನೆಯವರು. ನನಗೆ ಬುದ್ಧಿ ಬಂದಾಗಿನಿಂದ ನೋಡಿದ್ದೇನೆ" ಎಂದು ಹೇಳಿ ಸಹಿ ಮಾಡಿ ಬಂದರು.

ಮರುದಿನ ಬೆಳಿಗ್ಗೆ ದೊಡ್ಡಪ್ಪ ಹಾವೇರಿಗೆ ಬಂದರು. ಒಳಗೆ ಕಾಲಿಡಲಿಲ್ಲ. ಈ ಬೇವಿನ ಮರದ ಕೆಳಗೆ ನಿಂತು ಗಿರಿಜಾಳನ್ನು ಕರೆದರು. "ಪುಸ್ತಕ ಬ್ಯಾಡ, ಅರಿವಿ ಅಷ್ಟ ತಗೋ" ಎಂದರು. ಅಪ್ಪ ಬಾಗಿಲಲ್ಲಿ ನಿಂತಿದ್ದರು. ಅಣ್ಣತಮ್ಮ ಒಬ್ಬರನ್ನೊಬ್ಬರು ನೋಡಿದರು, ಮಾತಾಡಲಿಲ್ಲ. ಪಿಯುಸಿ ಮೊದಲ ವರ್ಷದ ಪರೀಕ್ಷೆಗೆ ಆಗ ಇಪ್ಪತ್ತು ದಿನ ಇತ್ತು. ಗಿರಿಜಾ ಹಿಂತಿರುಗಿ ನೋಡುತ್ತ ಹೋದಳು. ಅಲ್ಲಿಂದ ಮುಂದೆ ಆ ಇಬ್ಬರು ಮಾತಾಡಿದ್ದನ್ನು ನಾನು ಕಾಣೆ. ಮುಂದಿನ ಚುನಾವಣೆಯಲ್ಲಿ ಬಂಧುಗಳೇ ಎದುರು ನಿಂತು ಅಪ್ಪನನ್ನು ಸೋಲಿಸಿದರು. ಅಪ್ಪ ಮತ್ತೆ ಕರಿ ಕೋಟು ಹಾಕಿಕೊಂಡು ಕೋರ್ಟಿಗೆ ನಡೆದರು.

ಎರಡನೆಯ ದಿನ ಮೋಟೆಬೆನ್ನೂರಿಗೆ ಹೋದೆ. ಹೆದ್ದಾರಿಯಲ್ಲಿ ಇಳಿದು ಊರೊಳಗೆ ನಡೆದರೆ ಬಿಸಿಲು ಹತ್ತಕ್ಕೇ ಚುರುಗುಟ್ಟುತ್ತಿತ್ತು. ಬ್ಯಾಡಗಿಗೆ ಹೋಗಲು ಧೈರ್ಯ ಸಾಲದೆ ಒಂದು ದಿನ ಮುಂದೂಡಿದೆ ಎಂದರೂ ಸುಳ್ಳಲ್ಲ. ಹುಸೇನಸಾಬರ ಮನೆ ಕೇಳಿದೊಡನೆ ಒಬ್ಬರು ಬೈಕಿನಲ್ಲಿ ಬಿಟ್ಟುಹೋದರು. ಹುಸೇನಸಾಬರಿಗೆ ಈಗ ಎಂಬತ್ತರ ವಯಸ್ಸು. ಕಟ್ಟೆಯ ಮೇಲೆ ಕೂತು ಹತ್ತಿಯ ಕಸ ಆರಿಸುತ್ತಿದ್ದರು. ನಾನು ಯಾರೆಂದು ಹೇಳಿದಾಗ ಎದ್ದು ನಿಲ್ಲಲು ಹೋದರು, ಮೊಣಕಾಲು ಬಿಡಲಿಲ್ಲ.

"ಬೇಟಿ, ಪಾನಿ ಲಾ" ಎಂದು ಒಳಗೆ ಕೂಗಿದರು. ಸೊಸೆ ರಜಿಯಾ ನೀರು, ಬೆಲ್ಲ ತಂದಿಟ್ಟು, "ಊಟ ಮಾಡೇ ಹೋಗಬೇಕ್ರಿ, ಇವತ್ತ ನಿಮ್ಮನ್ನ ಬಿಡಂಗಿಲ್ಲ" ಎಂದಳು.

ಹುಸೇನಸಾಬರು ಹೊಲ ತೋರಿಸದೆ ಊಟಕ್ಕೆ ಕೂಡುವುದಿಲ್ಲ ಎಂದರು. ಮೊಮ್ಮಗಳು ಟ್ರ್ಯಾಕ್ಟರ್ ಹತ್ತಿಸಿ ನಮ್ಮಿಬ್ಬರನ್ನೂ ಕರೆದೊಯ್ದಳು. ಕೃಷಿ ಡಿಪ್ಲೊಮಾ ಓದಿ ಬಂದ ಹುಡುಗಿ, ಹೊಲದ ಕೆಲಸ ಈಗ ಅವಳದೇ. ಒಂದು ಕಡೆ ಮೆಣಸಿನ ಗಿಡ ಕೊನೆಯ ಕೊಯ್ಲಿಗೆ ನಿಂತಿತ್ತು. ಇನ್ನೊಂದು ಕಡೆ ಹತ್ತಿ ಕಿತ್ತು ಹಾಕಿದ್ದರು. ಹುಣಸೆ ಮರದ ಕೆಳಗೆ ಕಂಬಳಿ ಹಾಸಿ ಕೂತೆವು. ಆಗ ಅವರು ಹೇಳಿದ್ದನ್ನು ನಾನು ಎಂದೂ ಊಹಿಸಿರಲಿಲ್ಲ.

"ಭೂಮಿ ನಮ್ಮ ಹೆಸರಿಗೆ ಆದ ವರ್ಷ ನಿಮ್ಮ ದೊಡ್ಡಪ್ಪಾರು ಬಂದು ಆ ಬದುವಿನ ಮ್ಯಾಲ ನಿಂತ್ರು. ಆಗಲೇ ಅವರು ಊರ ಬಿಟ್ಟು ಬ್ಯಾಡಗ್ಯಾಗ ಮನಿ ಮಾಡಿದ್ರು. ನಾ ಹೆದರಿದೆ. ಜಗಳಕ್ಕ ಬಂದಾರ ಅಂತ ತಿಳದೆ. ಅವರು, 'ಹುಸೇನಾ, ಗಿಡಕ್ಕ ನೀರ ಜಾಸ್ತಿ ಆಗೇತಿ, ಈ ಮೂಲ್ಯಾಗ ಬಸಿಗಾಲ್ವಿ ತಗಿ' ಅಂದ್ರು. ಅಷ್ಟ ಅಂದು ಹೋದ್ರು. ನಾ ತಗದೆ. ಮುಂದಿನ ತಿಂಗಳ ಮತ್ತ ಬಂದ್ರು. ಆಮ್ಯಾಲ ಬುಧವಾರ ಬಂತಂದ್ರ ಬರಾವ್ರು. ಬುತ್ತಿ ತಾವ ತರ್ತಿದ್ರು, ಇಲ್ಲೇ ಕುಂತು ಇಬ್ಬರೂ ಉಣ್ತಿದ್ವಿ."

"ಅಪ್ಪನೂ ಬರುತ್ತಿದ್ದರಲ್ಲವೇ?" ಎಂದೆ. ಭಾನುವಾರಗಳಲ್ಲಿ ಅಪ್ಪ ಮೋಟೆಬೆನ್ನೂರಿಗೆ ಹೋಗಿ ಬರುತ್ತಿದ್ದುದು ನನಗೆ ಗೊತ್ತಿತ್ತು.

"ಅವರು ಐತವಾರ. ಇವರು ಬುಧವಾರ. ದೊಡ್ಡಪ್ಪಾರು, 'ನಾ ಬರೂದು ತಮ್ಮಗ ಗೊತ್ತಾಗಬಾರದು' ಅಂತ ಮಾತ ತಗೊಂಡಿದ್ರು. ಒಂದ್ಸಲ ಏನಾತಂದ್ರ, ನಿಮ್ಮ ಅಪ್ಪಾರು ಯಾವ್ದೋ ರಜಾ ಇತ್ತಂತ ಬುಧವಾರ ಬಂದ್ಬಿಟ್ರು. ಅವರ ಗಾಡಿ ಸಪ್ಪಳ ಕೇಳಿದ ಕೂಡ್ಲೆ ದೊಡ್ಡಪ್ಪಾರು ಎದ್ದು ಜ್ವಾಳದಾಗ ಹಾದು ಆ ಕಡೆ ಹ್ವಾದ್ರು. ಅರವತ್ತ ದಾಟಿತ್ತು ಅವರಿಗೆ, ಹುಡುಗರಂಗ ಓಡಿದ್ರು. ಇಲ್ಲಿ ಇಬ್ಬರ ಪಾಲಿನ ರೊಟ್ಟಿ ಬಿಚ್ಚಿ ಇಟ್ಟಿದ್ದು ಹಂಗ ಇತ್ತು. ವಕೀಲರು ರೊಟ್ಟಿ ನೋಡಿದ್ರು, ನನ್ನ ನೋಡಿದ್ರು. 'ಯಾರ ಬಂದಿದ್ರು?' ಅಂದ್ರು. 'ಯಾರಿಲ್ರಿ' ಅಂದೆ."

ಕಂಬಳಿಯ ಮೇಲೆ ಬಿದ್ದ ಹುಣಸೆ ಎಲೆಗಳನ್ನು ಅವರು ಕೈಯಿಂದ ಸರಿಸಿದರು.

"ನನ್ನ ಸಲುವಾಗಿ ಖರೇ ಹೇಳಾಕ ಹೋಗಿ ಅಣ್ಣನ್ನ ಕಳಕೊಂಡ ಮನಶ್ಯಾಗ ನಾ ಸುಳ್ಳ ಹೇಳಿದ್ನೆವ್ವಾ. ಆವತ್ತ ಒಂದ ಮಾತ ಹೇಳಿದ್ರ ಅವರು ಜ್ವಾಳದಾಗ ಹೋಗಿ ಹಿಡಕೊಂಡ ಬರ್ತಿದ್ರು. ಇಪ್ಪತ್ತ ವರ್ಷ ಇಬ್ಬರೂ ಬಂದ್ರು. ಇಬ್ಬರೂ ಹ್ವಾದ್ರು. ನಮಾಜ್ ಮಾಡುವಾಗ ಈಗೂ ನೆಪ್ಪಾಗತದ."

ಕೊಟ್ಟ ಮಾತು ಉಳಿಸಿಕೊಂಡಿರಿ, ನಿಮ್ಮ ತಪ್ಪಲ್ಲ ಎಂದೆ. ಅವರು ತಲೆಯಾಡಿಸಿದರು, ಒಪ್ಪಿದಂತೆ ಕಾಣಲಿಲ್ಲ. ಮನೆಗೆ ಬಂದು ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ ಉಂಡೆವು. ಹೊರಡುವಾಗ ಹುಸೇನಸಾಬರು ನನ್ನ ಕೈ ಹಿಡಿದು, "ಬ್ಯಾಡಗಿಗೆ ಹೋದ್ರ ಗಿರಿಜವ್ವಗ ಇದನ್ನ ಹೇಳ್ರಿ. ನನಗ ಬಾಯಿ ಬಂದಿಲ್ಲ" ಎಂದರು.

ಹಾವೇರಿಗೆ ಮರಳಿ ಸಂಜೆ ಐದಕ್ಕೆ ಗಿರಿಜಾಳಿಗೆ ಫೋನ್ ಮಾಡಿದೆ. ಹೆಸರು ಹೇಳಿದ ಮೇಲೆ ಆಕಡೆ ಬರೀ ಮಾರುಕಟ್ಟೆಯ ಗದ್ದಲ ಕೇಳಿಸಿತು. ನಂತರ, "ನಾಳೆ ಪ್ಯಾಟಿ ಐತಿ. ಒಂದ ಗಂಟೇಕ ಬಾ. ಉಂಡ ಬರಬ್ಯಾಡ" ಎಂದಳು. ದನಿ ಸ್ವಲ್ಪ ದಪ್ಪವಾಗಿತ್ತು, ಅಷ್ಟೇ.

ಗುರುವಾರ ಬ್ಯಾಡಗಿಗೆ ಇನ್ನೂ ಒಂದು ಮೈಲಿ ಇರುವಾಗಲೇ ಬಸ್ಸಿನಲ್ಲಿ ಸೀನು ಶುರುವಾಯಿತು. ಲಾರಿಗಳ ಸಾಲು ರಸ್ತೆಗೆ ಬಂದಿತ್ತು. ಮಾರುಕಟ್ಟೆಯ ಒಳಗೆ ಕಣ್ಣು ಹಾಯುವವರೆಗೆ ಚೀಲಗಳು, ಬಾಯಿ ತೆರೆದಿಟ್ಟ ಕೆಂಪು ಮೆಣಸಿನಕಾಯಿ. ನೆರಳಲ್ಲಿ ಸಾಲಾಗಿ ಕೂತ ಹೆಂಗಸರು ತೊಟ್ಟು ಮುರಿಯುತ್ತಿದ್ದರು. ಮುಖಕ್ಕೆ ಸೆರಗು ಕಟ್ಟಿಕೊಂಡಿದ್ದರಿಂದ ಕಣ್ಣಷ್ಟೇ ಕಾಣುತ್ತಿತ್ತು. ನಾನು ಕರವಸ್ತ್ರ ಮೂಗಿಗೊತ್ತಿಕೊಂಡು ಗಿರಿಜಾಳ ದಲಾಲಿ ಅಂಗಡಿ ಕೇಳಿದೆ. ರೈತರು ತಂದ ಮಾಲನ್ನು ಮಾರಿಸಿಕೊಡುವ ಇಂಥ ಅಂಗಡಿಗಳು ಅಲ್ಲಿ ನೂರಾರು. ಹಮಾಲನೊಬ್ಬ ಚೀಲ ಇಳಿಸಿ, "ವಕೀಲವ್ವನ ಅಂಗಡಿ ಏನ್ರಿ?" ಎಂದ. ಗಂಡ ತೀರಿಕೊಂಡ ಮೇಲೆ ಆಕೆಯೇ ಅಂಗಡಿ ನಡೆಸುತ್ತಿದ್ದಳು. ವ್ಯಾಪಾರಿಗೂ ರೈತನಿಗೂ, ಹಮಾಲರಿಗೂ ಮಾಲೀಕರಿಗೂ ತಂಟೆ ಬಂದರೆ ಎಲ್ಲರೂ ಅಲ್ಲಿಗೇ ಹೋಗುವುದಂತೆ. ಅದಕ್ಕೇ ಆ ಹೆಸರು.

ನಾನು ಹೋದಾಗ ಅಂಥದೇ ಒಂದು ನಡೆದಿತ್ತು. ದೂರದ ರೋಣದ ಕಡೆಯಿಂದ ಬಂದ ಹೆಂಗಸಿನ ಚೀಲ ಹಸಿ ಇದೆ ಎಂದು ಖರೀದಿದಾರ ತಕರಾರು ತೆಗೆದಿದ್ದ. ಬಿಳಿ ಕೂದಲ, ಎತ್ತರದ ಹೆಂಗಸೊಬ್ಬಳು ಚೀಲದ ತಳದಿಂದ ಒಂದು ಹಿಡಿ ಕಾಯಿ ತೆಗೆದು ಅವನ ಕಿವಿಯ ಹತ್ತಿರ ಅಲುಗಾಡಿಸಿದಳು. "ಬೀಜ ಸಪ್ಪಳ ಮಾಡಾಕತ್ತಾವು, ಕೇಳ್ರಿ. ಹಸಿ ಕಾಯಿ ಹಿಂಗ ಮಾತಾಡತೈತೇನು?" ಎಂದಳು. ಅವನು ನಕ್ಕು ಒಪ್ಪಿಕೊಂಡ. ಆಗ ಆಕೆ ನನ್ನ ಕಡೆ ತಿರುಗಿದಳು. ಕನ್ನಡಕ ಏರಿಸಿ ನೋಡಿದಳು.

"ಭಾಳ ಸಣ್ಣಾಗೀದಿ" ಎಂದಳು. "ಬಾ, ಒಳಗ ಕುಂದ್ರು."

ಅಂಗಡಿಯ ಹಿಂದಿನ ಕೋಣೆಯಲ್ಲಿ ಚಾಪೆ ಹಾಕಿ ತಾನೇ ಬಡಿಸಿದಳು. ಗೋಡೆಯ ಮೇಲೆ ಆ ಫೋಟೊ ಇತ್ತು. ಕುರ್ಚಿಯ ಅಂಚಿನಲ್ಲಿ ಬಿಗಿಯಾಗಿ ಕೂತ ದೊಡ್ಡಪ್ಪ, ಪಕ್ಕದಲ್ಲಿ ಅಪ್ಪ. ನಾನು ಅದರತ್ತ ನೋಡುವುದನ್ನು ಗಿರಿಜಾ ನೋಡಿದಳು, ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಮಕ್ಕಳು, ಮೊಮ್ಮಕ್ಕಳು, ಮೊಣಕಾಲು ನೋವು ಎಂದು ಮಾತು ಹೊರಹೊರಗೇ ಸುತ್ತಿತು. ಅವಳೊಡನೆ ಮಾತಾಡುತ್ತ ನನ್ನ ಬಾಯಲ್ಲಿ ಹಳೆಯ ಭಾಷೆ ತಾನಾಗಿ ಬಂತು. ಚಿತ್ರದ ವಿಷಯ ಹೇಳಿದೆ. ಆಮೇಲೆ ಹುಸೇನಸಾಬರು ಹೇಳಿದ್ದೆಲ್ಲವನ್ನೂ ಹೇಳಿದೆ.

"ಅಪ್ಪ ಹೋಗೂದು ನನಗ ಗೊತ್ತಿತ್ತು" ಎಂದಳು. "ಬುತ್ತಿ ನಾನ ಕಟ್ಟಿ ಕೊಡ್ತಿದ್ದೆ. ಚಿಕ್ಕಪ್ಪ ಬರೂದು ಗೊತ್ತಿರಲಿಲ್ಲ. ಅಪ್ಪಗ ಭೂಮಿ ಹೋಗಿದ್ದಕ್ಕ ಅಷ್ಟ ಬ್ಯಾಸರ ಆಗಿರಲಿಲ್ಲ, ವಿಮಲಾ. ತಾನ ಓದಿಸಿದ ತಮ್ಮ ನಾಕ ಮಂದಿ ಮುಂದ ತನ್ನನ್ನ ಸುಳ್ಳ ಮಾಡಿದ ಅಂತ. ಸುಳ್ಳ ಹೇಳಿದ್ದು ಖರೇನ ಇತ್ತು. ಅದಕ್ಕ ಇನ್ನೂ ಉರೀತು."

ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿ ಕೇಳಿದಳು: "ನಾ ನಿನಗ ಮೂರ ಪತ್ರ ಬರದಿದ್ದೆ. ಮುಟ್ಟಿದ್ದುವೇನು?"

ಮುಟ್ಟಿರಲಿಲ್ಲ ಎಂದು ಹೇಳಬಹುದಿತ್ತು. ಬೆಳಿಗ್ಗೆ ಹಾವೇರಿಯಿಂದ ಹೊರಡುವಾಗ ಹಾಗೆ ಹೇಳುವುದೆಂದೇ ಗಟ್ಟಿ ಮಾಡಿಕೊಂಡಿದ್ದೆ.

"ಮುಟ್ಟಿದ್ದುವು" ಎಂದೆ.

"ಚಿಕ್ಕಪ್ಪಗ ತೋರಿಸಿದ್ದಿ?"

"ಇಲ್ಲ."

ಆ ಪತ್ರಗಳಲ್ಲಿದ್ದುದು ನನಗೆ ಇಂದಿಗೂ ಬಾಯಿಪಾಠ. ಚಿಕ್ಕಪ್ಪ ತಾವೇ ಬಂದು ಕೇಳಿದರೆ ಅಪ್ಪ ಇಲ್ಲ ಅನ್ನುವುದಿಲ್ಲ, ಪರೀಕ್ಷೆಗೆ ಕೂಡಿಸಲು ಹೇಳು ಎಂದು ಮೊದಲನೆಯದು. ಎರಡನೆಯದೂ ಅದೇ. ಮೂರನೆಯದರಲ್ಲಿ, ಮದುವೆ ಗೊತ್ತು ಮಾಡಿದ್ದಾರೆ, ಇನ್ನು ತಡಮಾಡಿದರೆ ಆಗುವುದಿಲ್ಲ ಎಂದು ಬರೆದಿದ್ದಳು. ಮೂರನ್ನೂ ಬಚ್ಚಲ ಒಲೆಗೆ ಹಾಕಿದ್ದೆ.

"ಯಾಕ?" ಎಂದಳು ಗಿರಿಜಾ. ದನಿ ಏರಿರಲಿಲ್ಲ.

"ನೀ ಹೋದ ಮ್ಯಾಲ ಸಂಜೀಕ ಅಪ್ಪ ನನ್ನ ಒಬ್ಬಾಕಿ ಕಡೆ ಓದಿಸ್ತಿದ್ರು. ನೀ ಮತ್ತ ಬಂದ್ರ ನನ್ನ ಕಡೆ ನೋಡೂದಿಲ್ಲ ಅಂತ. ಬ್ಯಾರೆ ಏನೂ ಕಾರಣ ಇಲ್ಲ. ಯಾರೂ ನನಗ ಮಾಡ ಅಂದಿರಲಿಲ್ಲ. ಅಪ್ಪ ಸಾಯೂತನಕ ಹೇಳಾಕ ಆಗಲಿಲ್ಲ."

ಗಿರಿಜಾ ಎದ್ದು ಕೈ ತೊಳೆದುಕೊಂಡು ಹೊರಗೆ ಹೋದಳು. ಅರ್ಧ ತಟ್ಟೆ ಹಾಗೇ ಇತ್ತು. ನಾನು ಚಾಪೆಯ ಮೇಲೆ ಕೂತೇ ಇದ್ದೆ. ಬಾಗಿಲಾಚೆ ಅವಳ ದನಿ ಕೇಳುತ್ತಿತ್ತು. ಯಾರಿಗೋ ಲಗೂ ತೂಕ ಹಾಕಿಸಲು ಹೇಳಿದಳು, ಯಾರದೋ ಮಗಳ ಮದುವೆ ವಿಚಾರಿಸಿದಳು. ಎದ್ದು ಹೋಗಿಬಿಡಲೇ ಎಂದು ಎರಡು ಸಲ ಯೋಚಿಸಿದೆ. ಮೆಣಸಿನ ಘಾಟಿಗೆ ಕಣ್ಣಲ್ಲಿ ನೀರು ಬರುತ್ತಿತ್ತು, ಅದೊಂದೇ ಕಾರಣ ಎಂದು ಹೇಳಲಾರೆ. ಅರ್ಧ ಗಂಟೆಯಾದ ಮೇಲೆ ಒಳಗೆ ಬಂದು ನನ್ನ ಎದುರಿಗೆ ಕೂತಳು.

"ಅಪ್ಪನ ಮಣ್ಣಿಗೆ ಚಿಕ್ಕಪ್ಪ ಬಂದಿದ್ರು" ಎಂದಳು. "ದೂರ ನಿಂತ್ರು. ನನ್ನ ಕಡೆ ಒಮ್ಮೆ ನೋಡಿ ತಲಿ ಕೆಳಗ ಹಾಕಿದ್ರು. ನಾ ಮಾತಾಡಸಲಿಲ್ಲ. ಮೂರ ಪತ್ರಕ್ಕ ಬಾರದಾವ್ರು ಈಗ್ಯಾಕ ಬಂದಾರ ಅಂದೆ ಮನಸಿನ್ಯಾಗ. ಎರಡ ವರ್ಷಕ್ಕ ಅವರೂ ಹ್ವಾದ್ರು, ಅದಕ್ಕೂ ನಾ ಹೋಗಲಿಲ್ಲ. ಖುರ್ಚಿ ಬಿಟ್ಟಕೊಡ್ತೇನಿ ಅಂದಾವ್ರು ನನ್ನ ಮರತ ಬಿಟ್ರು ಅಂತ ಇಷ್ಟ ವರ್ಷ ತಿಳಕೊಂಡಿದ್ದೆ. ಅವರಿಗೆ ಗೊತ್ತ ಇರಲಿಲ್ಲ."

"ಗೊತ್ತಿರಲಿಲ್ಲ. ಗೊತ್ತಿದ್ರ ಅವತ್ತ ಬರ್ತಿದ್ರು. ನಿನ್ನ ಪುಸ್ತಕದ ಮ್ಯಾಲಿನ ಧೂಳ ತಾವ ಒರಸ್ತಿದ್ರು, ಕಡೀತನಕ."

ಗಿರಿಜಾ ಕನ್ನಡಕ ತೆಗೆದು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಸೆರಗಿನಲ್ಲಿ ಮೆಣಸಿನ ಪುಡಿ ಇದ್ದಿರಬೇಕು, ಕಣ್ಣು ಇನ್ನಷ್ಟು ಕೆಂಪಾದವು.

"ನಿನ್ನ ಮ್ಯಾಲ ಸಿಟ್ಟ ಐತಿ" ಎಂದಳು. "ಇವತ್ತ ಹುಟ್ಟೇತಿ, ಹೋಗಾಕ ಟೈಮ್ ಬೇಕು. ಹೋಗತೈತೋ ಇಲ್ಲೋ ಅದೂ ಗೊತ್ತಿಲ್ಲ. ಅವರ ಮ್ಯಾಲಿಂದ ಮಾತ್ರ ಹೋತು."

ಫೋಟೊ ಗೋಡೆಯಿಂದ ಇಳಿಸಿ ಕಿಟಕಿಯ ಬೆಳಕಿಗೆ ಹಿಡಿದು ನಿಂತಳು. ಒಯ್ಯಲು ಕೊಡುವುದಿಲ್ಲ, ಮೊಬೈಲಿನಲ್ಲಿ ತೆಗೆದುಕೋ ಎಂದಳು. ನಾನು ಮೂರು ಸಲ ತೆಗೆದೆ. ಹತ್ತಿರದಿಂದ ನೋಡಿದಾಗ ಕಂಡಿತು: ದೊಡ್ಡಪ್ಪ ನೇರವಾಗಿ ಕ್ಯಾಮೆರಾ ನೋಡುತ್ತಿದ್ದರೆ ಅಪ್ಪನ ಕಣ್ಣು ಸ್ವಲ್ಪ ಪಕ್ಕಕ್ಕೆ, ಅಣ್ಣನ ಕಡೆ ಹೊರಳಿತ್ತು. ಏನೋ ಹೇಳಿ ನಗಿಸಲು ಹೊರಟಂತಿತ್ತು. ಗಿರಿಜಾ ಬೆರಳಿಟ್ಟು ತೋರಿಸಿದಳು. "ಪೇಂಟರ್‌ಗ ಹೇಳು, ಇದನ್ನ ತಿದ್ದಬ್ಯಾಡ ಅಂತ. ಹಿಂಗ ಇರಲಿ." ಅಲ್ಲಿಂದಲೇ ಮೌನೇಶರಿಗೆ ಕಳಿಸಿದೆ. ಹತ್ತು ನಿಮಿಷದಲ್ಲಿ, ಕಣ್ಣು ಸಿಕ್ಕವು, ನಾಳೆಯೇ ಬರೆಯುತ್ತೇನೆ ಎಂದು ಉತ್ತರ ಬಂತು.

ನನ್ನ ರೈಲು ಸಂಜೆಗಿತ್ತು. ಗಿರಿಜಾ ತನ್ನ ಹಳೆಯ ಕಾರಿನಲ್ಲಿ ನಿಲ್ದಾಣಕ್ಕೆ ಬಿಡಲು ಬಂದಳು. ದಾರಿಯಲ್ಲಿ ಶೈತ್ಯಾಗಾರಗಳ ಎತ್ತರದ ಗೋಡೆಗಳು ಒಂದಾದ ಮೇಲೊಂದು ಸರಿದುಹೋದವು. ಪ್ಲಾಟ್‌ಫಾರಂ ಬಹುತೇಕ ಖಾಲಿ. ಬಿಸಿಲು ಇಳಿದು ಗಾಳಿ ತಣ್ಣಗಾಗಿತ್ತು. ಹಳಿಯ ಆಚೆಗೆ ಒಣಗಲು ಹರವಿದ್ದ ಮೆಣಸಿನಕಾಯಿಯನ್ನು ಹೆಂಗಸರು ಕುಪ್ಪೆ ಮಾಡುತ್ತಿದ್ದರು.

"ಹಾವೇರಿಗೆ ಬರ್ತೀಯೇನು, ಮುಂದಿನ ತಿಂಗಳ?" ಎಂದು ಕೇಳಿದೆ.

"ಬರ್ತೇನಿ. ಹುಸೇನಸಾಬ ಕಾಕಾನ್ನೂ ಕರ್ಕೊಂಡ ಬರ್ತೇನಿ. ಆ ಮುದುಕ ಇಷ್ಟ ವರ್ಷ ಆ ಸುಳ್ಳಿನ ಭಾರ ಒಬ್ಬನ ಹೊತ್ತಾನ." ಹಳಿಯ ಕಡೆ ನೋಡುತ್ತ ಹೇಳಿದಳು: "ನಿನ್ನ ಬಾಜೂಕ ಕುಂದರ್ತೇನೋ ಇಲ್ಲೋ, ಅದನ್ನ ಅವತ್ತ ನೋಡೂಣು."

ರೈಲು ಬಂತು. ಎರಡೇ ನಿಮಿಷ ನಿಲ್ಲುವುದು. ನನ್ನ ಚೀಲವನ್ನು ಅವಳೇ ಎತ್ತಿ ಬಾಗಿಲೊಳಗಿಟ್ಟು ಹಿಂದೆ ಸರಿದಳು. ನಾನು ಕಿಟಕಿಗೆ ಬಂದಾಗ ರೈಲು ಹೊರಟಿತ್ತು. ನಾನು ಕೈ ಬೀಸಿದೆ. ಅವಳು ಬೀಸಲಿಲ್ಲ. ಮಾರುಕಟ್ಟೆಯಿಂದ ಕರೆ ಬಂದಿರಬೇಕು, ಕೈಯಲ್ಲಿದ್ದ ಫೋನ್ ಬೆಳಗುತ್ತಿತ್ತು, ಅದನ್ನು ಅವಳು ಎತ್ತಲೂ ಇಲ್ಲ. ಹಳಿ ಎಡಕ್ಕೆ ತಿರುಗುವವರೆಗೂ ಪ್ಲಾಟ್‌ಫಾರಂನ ತುದಿಯಲ್ಲಿ ನಿಂತೇ ಇದ್ದಳು.